ದಿಲ್ಶಾದಳ ಜೊತೆ ಬಿಡಿಸಿದ ಲೆಕ್ಕಗಳು

ಕಳೆದ ವಾರ ಗೋವಾದ ಪರ್ವರಿಯ ನಮ್ಮ ಆಫೀಸಿನಲ್ಲಿ ಹಳೆಯ ಕಪಾಟು ಖಾಲಿ ಮಾಡುವಾಗ ಗೆರೆ ಎಳೆದ ಲೆಡ್ಜರ್ ಹಾಳೆಗಳ ಕಟ್ಟೊಂದು ಸಿಕ್ಕಿತು. ಹತ್ತಾರು ಮಳೆಗಾಲ ಕಂಡ ಕಾಗದಕ್ಕೆ ಒಂದು ವಾಸನೆ ಇರುತ್ತದಲ್ಲ, ಒಣಗಿದ ಅಂಟು ಮತ್ತು ಬೂಸಲು ಕೂಡಿದ್ದು, ಅದು ಮೂಗಿಗೆ ಬಡಿಯಿತು. ರದ್ದಿಗೆ ಹಾಕಿಸಿ ಕೈ ತೊಳೆದುಕೊಂಡು ಬಂದೆ. ಆದರೆ ಊಟದ ಹೊತ್ತಿಗೆ ನಾನು ಪರ್ವರಿಯಲ್ಲಿರಲಿಲ್ಲ. ಸಾವರ್ಡೆಯಲ್ಲಿ, ದಿಲ್ಶಾದಳ ಮನೆಯ ಕಟ್ಟೆಯ ಮೇಲೆ ಕೂತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ಅದಿರಿನ ಲಾರಿಗಳ ಊರು ಅದು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಂಗಿಯ ಬಣ್ಣಕ್ಕೆ ತಿರುಗುತ್ತಿತ್ತು. ನನ್ನಪ್ಪ ಮುದ್ದೇಬಿಹಾಳದ ಕಡೆಯಿಂದ ಬಂದು ರೈಲ್ವೆ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ದಿಲ್ಶಾದಳ ತಂದೆ ಹುಸೇನಸಾಬರು ತಾಳಿಕೋಟಿಯವರು, ಅದಿರಿನ ಲಾರಿ ಓಡಿಸುತ್ತಿದ್ದರು. ಒಂದೇ ಚಾಳು, ನಡುವೆ ಎರಡು ಬಾಗಿಲು. ನಾವಿಬ್ಬರು ಹುಡುಗಿಯರೂ ಹನ್ನೆರಡನೆಯ ಕಾಮರ್ಸು. ಕಾಮರ್ಸೇ ಏಕೆ ಎಂದು ಕೇಳಬೇಡಿ. ಬ್ಯಾಂಕಿನಲ್ಲಿ ಫ್ಯಾನಿನ ಕೆಳಗೆ ಕೂತವರನ್ನು ನೋಡಿದ್ದೆವು, ಅಷ್ಟೇ.

ನನ್ನ ಟ್ರಯಲ್ ಬ್ಯಾಲೆನ್ಸಿನ ಎರಡು ಬದಿಗಳು ಎಂದೂ ಹೊಂದುತ್ತಿರಲಿಲ್ಲ. ನನ್ನಂಥವರಿಗಾಗಿಯೇ ಲೆಕ್ಕಶಾಸ್ತ್ರದಲ್ಲಿ ಸಸ್ಪೆನ್ಸ್ ಖಾತೆ ಎಂಬುದೊಂದಿದೆ: ತಪ್ಪು ಸಿಗುವವರೆಗೆ ವ್ಯತ್ಯಾಸವನ್ನು ಅದರೊಳಗೆ ಇಟ್ಟುಬಿಡಬಹುದು. ನಾನು ಇಟ್ಟುಬಿಡುತ್ತಿದ್ದೆ. ದಿಲ್ಶಾದ್ ಬಿಡುತ್ತಿರಲಿಲ್ಲ. ಪೆನ್ಸಿಲ್ ತುದಿಯನ್ನು ಒಂದೊಂದೇ ಸಾಲಿನ ಮೇಲೆ ಇಳಿಸುತ್ತ, ಎಲ್ಲಿ ಡೆಬಿಟ್ ಆಗಬೇಕಾದದ್ದು ಕ್ರೆಡಿಟ್ ಆಗಿದೆ ಎಂದು ಹುಡುಕಿಯೇ ಏಳುತ್ತಿದ್ದಳು.

ಅರ್ಥಶಾಸ್ತ್ರ ಮಾತ್ರ ನಮಗೆ ತಮಾಷೆ. ತುತ್ತು ಹೆಚ್ಚಿದಂತೆಲ್ಲ ಅದರಿಂದ ಸಿಗುವ ತೃಪ್ತಿ ಕಡಿಮೆಯಾಗುತ್ತ ಹೋಗುತ್ತದೆ ಎಂಬ ನಿಯಮವನ್ನು ಒಮ್ಮೆ ಪರೀಕ್ಷಿಸಿ ನೋಡಿದೆವು. ಹುಸೇನಸಾಬರು ಬೇಕರಿಯಿಂದ ತಂದ ಎಂಟು ಬಿಸಿ ಪಾವು, ತಲಾ ನಾಲ್ಕು. ನಾಲ್ಕನೆಯದೂ ಮೊದಲಿನದರಷ್ಟೇ ರುಚಿಯಾಗಿತ್ತು. ಅದನ್ನು ಕೇಳಿ ಅವರು, “ಆ ಪುಸ್ತಕ ಬರದವ ಉಂಡು ಕುಂತು ಬರದಿರಬೇಕು,” ಎಂದಿದ್ದರು. ಅವರು ನಕ್ಕದ್ದನ್ನು ನೆನೆಸಿಕೊಂಡರೆ ನನಗೆ ಇದೊಂದೇ ಸಂಜೆ ಕಾಣುತ್ತದೆ.

ಪರೀಕ್ಷೆಗೆ ಎರಡು ತಿಂಗಳಿರುವಾಗ ಗಣಿಯ ಇಳಿಜಾರಿನಲ್ಲಿ ಅವರ ಲಾರಿಯ ಬ್ರೇಕ್ ಹಿಡಿಯಲಿಲ್ಲ.

ಮಣ್ಣು ಮಾಡಿದ ನಾಲ್ಕನೆಯ ದಿನ ಲಾರಿ ಮಾಲೀಕನ ಗುಮಾಸ್ತ ಬಂದ. ಕಟ್ಟೆಯ ಮೇಲೆ ಕೂತು, ಕೋರ್ಟು ಕಚೇರಿ ಯಾರಿಗೂ ಬೇಡ ಎಂದ. ಮಾಲೀಕರು ಎರಡು ದಾರಿ ಇಟ್ಟಿದ್ದಾರೆ, ಬೇಕಾದ್ದನ್ನು ಆರಿಸಿಕೊಳ್ಳಿ: ಒಂದೇ ಸಲಕ್ಕೆ ನಲವತ್ತು ಸಾವಿರ, ಇಲ್ಲವೇ ತಿಂಗಳಿಗೆ ಐನೂರರಂತೆ ಹತ್ತು ವರ್ಷ. ಅದನ್ನು ಬರೆದು ತಂದಿದ್ದ ಕಾಗದ ಒಳಗೆ ಬಂತು. ಒಳಗೆ ದಿಲ್ಶಾದಳ ತಾಯಿ ಮತ್ತು ಚಾಳಿನ ಹೆಂಗಸರು ಕೂತಿದ್ದರು. ದಿಲ್ಶಾದ್ ಗೋಡೆಯ ಕಡೆ ಮುಖ ಮಾಡಿದ್ದಳು. ನಾನು ಚಾಚಿ ಎನ್ನುತ್ತಿದ್ದ ಅವಳ ತಾಯಿ ಕಾಗದವನ್ನು ನಮ್ಮಿಬ್ಬರ ನಡುವೆ ಇಟ್ಟು, “ನೀವು ಇದನ್ನ ಕಲ್ತವರು. ಯಾವುದು ಚಲೋ ಹೇಳ್ರವ್ವಾ,” ಎಂದರು.

ದಿಲ್ಶಾದ್ ತಲೆ ಎತ್ತಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಸಾವಿನ ಮನೆಯಲ್ಲಿ ನನಗೆ ಚಿಟಿಕೆಯಷ್ಟು ಜಂಬ ಬಂತು. ಕಾಗದದ ಹಿಂಬದಿಗೆ ಐನೂರನ್ನು ಹನ್ನೆರಡರಿಂದ, ಮತ್ತೆ ಹತ್ತರಿಂದ ಗುಣಿಸಿದೆ. ಅರವತ್ತು ಸಾವಿರ.

“ತಿಂಗಳಾ ತಗೊಳ್ರಿ ಚಾಚಿ. ಇಪ್ಪತ್ತು ಸಾವಿರ ಜಾಸ್ತಿ ಬರ್ತಾವು.”

ಚಾಚಿ ಹೆಬ್ಬೆಟ್ಟು ಒತ್ತಿದರು.

ಎರಡು ವಾರದ ಮೇಲೆ, ಬಡ್ಡಿಯ ಅಧ್ಯಾಯವನ್ನು ಒಬ್ಬಳೇ ಓದಲು ಕೂತವಳು ಚಾಚಿಯ ಲೆಕ್ಕವನ್ನು ಮತ್ತೆ ಹಾಕಿ ನೋಡಿದೆ. ನಲವತ್ತು ಸಾವಿರವನ್ನು ನೂರಕ್ಕೆ ಹತ್ತರಂತೆ ಬ್ಯಾಂಕಿನಲ್ಲಿಟ್ಟಿದ್ದರೆ ಹತ್ತು ವರ್ಷಕ್ಕೆ ಬಡ್ಡಿಯೇ ಇನ್ನೊಂದು ನಲವತ್ತು ಸಾವಿರ. ಅಸಲು ಅಲ್ಲೇ ಇರುತ್ತಿತ್ತು. ಇಂಥದೇ ಲೆಕ್ಕವನ್ನು ಆ ಕಟ್ಟೆಯ ಮೇಲೆ ನಾವು ಬಿಡಿಸಿದ್ದೆವು, ಸಂಖ್ಯೆಗಳು ಬೇರೆ. ಚಾಚಿಗೆ ಹೇಳಬಹುದಿತ್ತು. ಮಾಲೀಕ ಒಪ್ಪುತ್ತಿದ್ದನೋ ಇಲ್ಲವೋ, ಕೇಳಿಯಾದರೂ ನೋಡಬಹುದಿತ್ತು. ಹೇಳಲಿಲ್ಲ. ನನಗೆ ಪರೀಕ್ಷೆ ಇತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಹದಿನಾಲ್ಕು ತಿಂಗಳು ದುಡ್ಡು ಬಂತು. ಆಮೇಲೆ ಮಾಲೀಕ ಲಾರಿಗಳನ್ನೆಲ್ಲ ಮಾರಿ ಊರು ಬಿಟ್ಟ; ಎಲ್ಲಿಗೆ ಎಂದು ಗುಮಾಸ್ತನಿಗೂ ಗೊತ್ತಿರಲಿಲ್ಲ. ದಿಲ್ಶಾದ್ ಪರೀಕ್ಷೆಗೆ ಕೂತಿರಲೇ ಇಲ್ಲ. ತಾಯಿ ಮಗಳು ಕಾಣಕೋಣಕ್ಕೆ ಹೋದರು, ಅಲ್ಲಿ ಸಮುದ್ರದ ದಂಡೆಯ ಲಾಡ್ಜೊಂದರಲ್ಲಿ ಬಟ್ಟೆ ಒಗೆಯುವ ಕೆಲಸವಿತ್ತು. ನಾನು ಪಾಸಾದೆ. ಆ ಸಲ ನನ್ನ ಟ್ರಯಲ್ ಬ್ಯಾಲೆನ್ಸ್ ಹೊಂದಿತ್ತು.

ತೊಂಬತ್ತರ ದಶಕದ ಕೊನೆಗೆ ಆಫೀಸಿನ ಕೆಲಸದ ಮೇಲೆ ಕಾಣಕೋಣಕ್ಕೆ ಹೋದವಳು ಅವರಿವರನ್ನು ಕೇಳಿ ಆ ಲಾಡ್ಜು ಹುಡುಕಿದೆ. ಹಿತ್ತಿಲಲ್ಲಿ ದಿಲ್ಶಾದ್ ಹಾಸಿಗೆಯ ಚಾದರಗಳನ್ನು ಹಗ್ಗದಿಂದ ತೆಗೆಯುತ್ತಿದ್ದಳು. ಸೋಡಾಪುಡಿಗೆ ಬೆರಳಿನ ಸಂದುಗಳು ಬಿರಿದಿದ್ದವು. ಚಾಚಿ ತೀರಿಕೊಂಡು ಎರಡು ವರ್ಷವಾಗಿತ್ತು. ಚಹಾ ತರಿಸಿದಳು, ನನ್ನ ನೌಕರಿ ವಿಚಾರಿಸಿದಳು, ಖುಷಿಪಟ್ಟಳು. ಅವಳ ಆ ಖುಷಿಯನ್ನು ತಾಳಲಾಗದೆ ನಾನು ಎಲ್ಲವನ್ನೂ ಹೇಳಿಬಿಟ್ಟೆ: ನನ್ನ ಗುಣಾಕಾರ, ಬಡ್ಡಿ, ಎರಡು ವಾರದ ಮೇಲೆ ಗೊತ್ತಾದದ್ದು, ಸುಮ್ಮನಿದ್ದದ್ದು.

ಅವಳು ಚಾದರ ಮಡಚುವುದನ್ನು ನಿಲ್ಲಿಸಲಿಲ್ಲ. ತನಗೆ ಅದು ಆ ದಿನವೇ ಗೊತ್ತಿತ್ತು ಎಂದಳು. ಮತ್ತೆ ಏಕೆ ಹೇಳಲಿಲ್ಲ ಎಂದು ಕೇಳಿದೆ.

“ಅಬ್ಬಾನ ಮಣ್ಣು ಮಾಡಿ ನಾಕ ದಿನ ಆಗಿತ್ತು. ಅವರ ಜೀವಕ್ಕ ಈ ರೇಟು ಚಲೋ, ಆ ರೇಟು ಚಲೋ ಅಂತ ನನ್ನ ಬಾಯಿಲೆ ಹೆಂಗ ಹೇಳಲಿ?” ಚಾದರದ ಇನ್ನೊಂದು ತುದಿ ಹಿಡಿ ಎಂಬಂತೆ ನನ್ನ ಕಡೆ ಚಾಚಿದಳು. “ನೀನರ ಹೇಳ್ತಿ ಅಂತ ತಿಳಕೊಂಡಿದ್ದೆ. ಕೂಡೇ ಬಿಡಿಸಿದ್ವಲ್ಲಾ.”

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಕತ್ತಲಾಗುವ ಮೊದಲಿನ ಬಸ್ಸು ಹಿಡಿದು ಬಂದೆ, ಮತ್ತೆ ಹೋಗಲಿಲ್ಲ.

ಆ ಕಪಾಟು ಖಾಲಿ ಮಾಡಿದ ಮರುದಿನವೇ ನಮ್ಮ ಕಟ್ಟಡದ ಕಸ ಗುಡಿಸುವ ಶಾಂತವ್ವ ಯಾವುದೋ ಉಳಿತಾಯ ಯೋಜನೆಯ ಕಾಗದ ಹಿಡಿದು ಬಂದಳು. ಇದರಾಗ ರೊಕ್ಕ ಹಾಕಿದರ ಚಲೋ ಏನ್ರಿ ಅಕ್ಕಾರ ಎಂದು ಕೇಳಿದಳು. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದೆ. ಎದುರು ಮೇಜಿನ ಹೊಸ ಹುಡುಗಿ ನಕ್ಕಳು. ಇಷ್ಟು ವರ್ಷ ಲೆಕ್ಕ ಬರೆದವಳ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತೇ ಎಂದು. ಕಾಗದವನ್ನು ಮನೆಗೆ ತಂದಿದ್ದೇನೆ. ಮೂರು ಸಲ ಲೆಕ್ಕ ಹಾಕಿದೆ, ಮೂರು ಸಲವೂ ಒಂದೇ ಉತ್ತರ ಬಂತು. ನಾಳೆ ಶಾಂತವ್ವ ಕೇಳುತ್ತಾಳೆ. ನಾಲ್ಕನೆಯ ಸಲ ಹಾಕಲು ಕೂತಿದ್ದೇನೆ.