ಹಡಗಿನಮ್ಮ ಕೊಟ್ಟ ಭಕ್ಷೀಸು

ನಮ್ಮ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಡಗಿನಮ್ಮ ಎಂದೇ. ಆ ಹೆಸರಿಟ್ಟವಳು ಅವಳ ಸ್ವಂತ ಮಗಳು. ಮಗು ಮಾತು ಕಲಿಯುವಾಗ ಕಣ್ಣೆದುರಿಗಿದ್ದವಳು ದೊಡ್ಡಮ್ಮ. ಹಾಗಾಗಿ ದೊಡ್ಡಮ್ಮನೇ ಅಮ್ಮನಾದಳು. ವರ್ಷಕ್ಕೊಮ್ಮೆ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬಂದು, ಬೀದಿಗೆಲ್ಲ ಚಾಕೊಲೇಟ್ ಹಂಚಿ, ಮಗುವನ್ನು ತಬ್ಬಿ ಅತ್ತು, ಮತ್ತೆ ಹೊರಟುಹೋಗುವ ಹೆಂಗಸಿಗೆ ಬೇರೊಂದು ಹೆಸರು ಬೇಕಿತ್ತು. ಮಗು ‘ಹಡಗಿನಮ್ಮ’ ಎಂದಿತು. ಕೇಳಿದವರೆಲ್ಲ ನಕ್ಕರು. ಅವಳೂ ನಕ್ಕಳು.

ಲಾರಿ ಓಡಿಸುತ್ತಿದ್ದ ಗಂಡ ದೂರದೂರಿನಲ್ಲಿ ಇನ್ನೊಂದು ಮನೆ ಮಾಡಿಕೊಂಡ ಮೇಲೆ, ಅವಳು ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜೊಂದರಲ್ಲಿ ರೂಮು ಗುಡಿಸಿ, ಹಾಸಿಗೆ ಬದಲಿಸುವ ಕೆಲಸಕ್ಕೆ ಸೇರಿದ್ದಳು. ಅದೇ ಕೆಲಸವನ್ನು ಪ್ರವಾಸದ ಹಡಗಿನಲ್ಲಿ ಮಾಡಿದರೆ ನಾಲ್ಕು ಪಟ್ಟು ಸಿಗುತ್ತದೆ ಎಂದು ಯಾರೋ ಹೇಳಿದರು. ಅಕ್ಕ ಹೊಲಿಗೆ ಕೆಲಸದವಳು, ಮಕ್ಕಳಿಲ್ಲದವಳು. “ಹೋಗು, ಮಗು ನನ್ನ ಹತ್ತಿರ ಇರಲಿ. ಒಂದೆರಡು ವರ್ಷ ತಾನೆ?” ಎಂದಳು. ಆ ಒಂದೆರಡು ವರ್ಷ ಮಗಳ ಕಾಲೇಜು ಮುಗಿದ ಮೇಲೂ ಎಳೆಯಿತು.

ಹಡಗಿನಲ್ಲಿ ಅವಳ ಪಾಲಿಗೆ ಬಂದಿದ್ದು ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೇ ಇಲ್ಲದ ಒಂದು ಗೂಡು. ಅದರಲ್ಲೂ ಇನ್ನೊಬ್ಬಳ ಜೊತೆ. ಮೇಲಿನ ಅಂತಸ್ತಿನಲ್ಲಿ ಪ್ರವಾಸಿಗಳ ಕೋಣೆಗಳು. ದಿನಕ್ಕೆರಡು ಸಲ ಒಳಗೆ ಹೋಗಿ ಚಾದರ ಬಿಗಿಯಾಗಿ ಮಡಚಿ ಸಿಗಿಸಬೇಕು, ಬಚ್ಚಲು ಒರೆಸಿ ಹೊಳಪು ಬರಿಸಬೇಕು, ಸಂಜೆ ಟವೆಲನ್ನು ಮೊಲವೋ ಆನೆಯೋ ಆಗುವಂತೆ ಮಡಚಿ ಹಾಸಿಗೆಯ ಮೇಲೆ ಕೂರಿಸಬೇಕು. ಎದುರಿಗೆ ಬಂದವರಿಗೆಲ್ಲ ಹಲ್ಲು ಬಿಟ್ಟು ನಗಬೇಕು. ಸಂಬಳ ಹೇಳಿಕೊಳ್ಳುವಂಥದ್ದೇನಲ್ಲ. ಬದುಕಿಸುತ್ತಿದ್ದದ್ದು ಭಕ್ಷೀಸು. ಪ್ರತಿ ಪ್ರವಾಸದ ಕೊನೆಯ ದಿನ ಜನ ಕೈಗೆ ಲಕೋಟೆ ಕೊಟ್ಟು ಇಳಿಯುತ್ತಿದ್ದರು.

ಆಮೇಲೆ ಕಂಪನಿಯವರು ಹೊಸ ಪದ್ಧತಿ ತಂದರು. ಸರ್ವೀಸ್ ಚಾರ್ಜ್ ಎಂದು ತಲೆಗಿಷ್ಟು, ದಿನಕ್ಕಿಷ್ಟು ಬಿಲ್ಲಿಗೇ ಸೇರಿಸಿಬಿಟ್ಟರು. ಅದರಲ್ಲಿ ಬಟ್ಟೆ ಒಗೆಯುವವರಿಗೆ ಪಾಲು, ಪಾತ್ರೆ ತೊಳೆಯುವವರಿಗೆ ಪಾಲು, ಮುಖವನ್ನೇ ನೋಡದ ಯಾರ್ಯಾರೋ ಮೇಲಿನವರಿಗೂ ಪಾಲು. ಉಳಿದ ಚೂರುಪಾರು ಅವಳಿಗೆ. ಪ್ರವಾಸಿಗಳಿಗೆ ಮಾತ್ರ ನಿರಾಳವಾಯಿತು. “ಎಲ್ಲ ಬಿಲ್ಲಲ್ಲೇ ಬಂತಲ್ಲ” ಎಂದು ಕೈ ಬೀಸಿ ಹೋಗುತ್ತಿದ್ದರು. ಒಬ್ಬ ಮುದುಕನಂತೂ ಅವಳ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು, “ನೀನು ನನ್ನ ಮಗಳಿದ್ದ ಹಾಗೆ” ಎಂದು ಕಣ್ಣು ಒದ್ದೆ ಮಾಡಿಕೊಂಡು, ಚಿಕ್ಕಾಸೂ ಬಿಚ್ಚದೆ ಇಳಿದುಹೋದ. ಹತ್ತು ಜನರಲ್ಲಿ ಒಬ್ಬಿಬ್ಬರು ಬಿಲ್ಲಿನ ಮೇಲೆಯೂ ಕೈಗಿಷ್ಟು ಕೊಡುತ್ತಿದ್ದರು. ಮಗಳ ಶಾಲೆಯ ಫೀಸು, ಕಾಲೇಜಿನ ಫೀಸು, ಮನೆಯ ತಾರಸಿ, ಎಲ್ಲವೂ ಆ ಒಬ್ಬಿಬ್ಬರ ಕೈಯಿಂದ ಬಂದದ್ದು. ಒಳ್ಳೆಯ ಸೀಸನ್ ಬಂತೆಂದರೆ ಅವಳು ಕೆಲಸದ ಅವಧಿಯನ್ನು ಮುಂದುವರಿಸಿಕೊಳ್ಳುತ್ತಿದ್ದಳು. ಬಿಟ್ಟು ಬಂದರೆ ಆ ಕೋಣೆಗಳು ಬೇರೆಯವಳ ಪಾಲಾಗುತ್ತವೆ ಎಂಬ ಭಯ.

ಸೊಂಟ ಕೈಕೊಟ್ಟ ಮೇಲೆ ಅವಳು ಮನೆಗೆ ಬಂದಳು. ಅದು ಅವಳ ದುಡ್ಡಿನಲ್ಲೇ ಎದ್ದ ಮನೆ. ಆದರೆ ಸಕ್ಕರೆ ಡಬ್ಬ ಯಾವ ಗೂಡಿನಲ್ಲಿದೆ ಎಂದು ಅಕ್ಕನನ್ನು ಕೇಳಬೇಕು. ಮಗಳು ಅಷ್ಟರಲ್ಲಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು, ಟೈರ್ ಅಂಗಡಿಯ ಯಜಮಾನನನ್ನು ಮೆಚ್ಚಿ ಮದುವೆಯಾಗಿ ಅವನೊಂದಿಗೆ ಅದೇ ಮನೆಯಲ್ಲಿದ್ದಳು. ಅಮ್ಮನ ಸೊಂಟಕ್ಕೆ ವ್ಯಾಯಾಮ ಹೇಳಿಕೊಟ್ಟಳು, ರೋಗಿಗಳಿಗೆ ಹೇಳಿಕೊಡುವ ಹಾಗೆಯೇ, ಅದೇ ದನಿಯಲ್ಲಿ. ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಇರಲಿಲ್ಲ.

ಅಕ್ಕನಿಗೆ ಒಂದು ಆಸೆಯಿತ್ತು. ತಂಗಿ ದುಡಿದ ಹಡಗು ಎಂಥದ್ದು ಎಂದು ಒಮ್ಮೆ ಹತ್ತಿ ನೋಡಬೇಕು. ಮಗಳು ಗುಟ್ಟಾಗಿ ಟಿಕೆಟ್ ತೆಗೆದಳು: ತನಗೆ, ಗಂಡನಿಗೆ, ದೊಡ್ಡಮ್ಮನಿಗೆ. ಹೊರಡುವುದಕ್ಕೆ ಇನ್ನೂ ಸಮಯವಿತ್ತು. ಅಷ್ಟರಲ್ಲಿ ಅಕ್ಕ ಹೊಲಿಗೆ ಯಂತ್ರದ ಮುಂದೆ ಕುಳಿತಲ್ಲೇ ತಲೆ ವಾಲಿಸಿದವಳು ಮತ್ತೆ ಏಳಲಿಲ್ಲ. ತಿಂಗಳು ಕಳೆದ ಮೇಲೆ ಮಗಳು ಅಮ್ಮನ ಕೋಣೆಯ ಬಾಗಿಲಲ್ಲಿ ನಿಂತು, “ದೊಡ್ಡಮ್ಮನಿಗೆ ಅಂತ ತೆಗೆದ ಟಿಕೆಟ್ ಇದೆ. ಹೆಸರು ಬದಲಾಯಿಸಬಹುದಂತೆ. ನೀನು ಬರ್ತೀಯಾ?” ಎಂದಳು.

“ಬರ್ತೀನಿ” ಎಂದಳು ಹಡಗಿನಮ್ಮ. ಬೇರೆ ಏನು ಹೇಳುವುದು?

ಹಡಗು ಬೇರೆ, ಕಂಪನಿ ಬೇರೆ. ಆದರೂ ಒಳಗೆ ಕಾಲಿಟ್ಟೊಡನೆ ಮೂಗಿಗೆ ಬಡಿದದ್ದು ಅದೇ ನೆಲ ಒರೆಸುವ ಔಷಧದ ವಾಸನೆ. ಅಕ್ಕಪಕ್ಕ ಎರಡು ಕೋಣೆ. ಒಂದು ಮಗಳು ಅಳಿಯನಿಗೆ, ಇನ್ನೊಂದು ಅವಳಿಗೆ. ಕೋಣೆ ನೋಡಿಕೊಳ್ಳುವ ಹುಡುಗಿ ಬಂದು ನಮಸ್ಕರಿಸಿದಳು. ಬೇರೆ ದೇಶದವಳು, ಗುಂಡು ಮುಖ, ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು. “ಏನು ಬೇಕಾದ್ರೂ ನನ್ನನ್ನೇ ಕೇಳಿ ಮೇಡಂ” ಎಂದು ನಕ್ಕಳು. ಆ ನಗು ಎಲ್ಲಿಂದ ಶುರುವಾಗಿ ಎಲ್ಲಿ ನಿಲ್ಲುತ್ತದೆ ಎಂಬುದು ಹಡಗಿನಮ್ಮನಿಗೆ ಕರಗತ. ಹಡಗಿನವರೆಲ್ಲ ಆಡುವ ಒಡಕು ಭಾಷೆಯಲ್ಲಿ ಇಬ್ಬರೂ ಮಾತಾಡಿದರು. ಹುಡುಗಿಗೆ ಮಗ ಇದ್ದಾನೆ, ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಾಳೆ. ಫೋನಿನಲ್ಲಿ ಫೋಟೋ ತೋರಿಸಿದಳು. ಮೂಗು ಸುರಿಸಿಕೊಂಡು ಬಕೆಟ್ಟಿನೊಳಗೆ ಕೂತ ಒಂದು ಪುಟ್ಟ ಮಗು.

ಮಾರನೆಯ ಬೆಳಿಗ್ಗೆ ಹಡಗಿನಮ್ಮ ಎದ್ದವಳೇ ಚಾದರ ಮಡಚಿ ಬಿಗಿದಳು, ಬಚ್ಚಲು ಒರೆಸಿದಳು, ಒದ್ದೆ ಟವೆಲುಗಳನ್ನು ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಳು. ಆ ಹುಡುಗಿಗೆ ಒಂದು ಕೋಣೆಯಾದರೂ ಹಗುರವಾಗಲಿ ಎಂದು. ಅದರ ಮಾರನೆಯ ದಿನವೂ ಹಾಗೆಯೇ ಮಾಡಿದಳು. ಆವತ್ತು ಹುಡುಗಿ ಬಾಗಿಲು ತಟ್ಟಿ ಬಂದಾಗ ಮುಖದಲ್ಲಿ ನಗುವಿರಲಿಲ್ಲ.

“ಮೇಡಂ, ನನ್ನಿಂದ ಏನಾದ್ರೂ ತಪ್ಪಾಯ್ತಾ?”

“ಇಲ್ವಲ್ಲಮ್ಮ, ಯಾಕೆ?”

“ನೀವೇ ಹಾಸಿಗೆ ಮಾಡ್ಕೊಂಡಿದೀರಿ. ನನ್ನ ಮೇಲಿನವನು ನೋಡಿದ. ನಿನ್ನ ಕೆಲಸ ಅವರಿಗೆ ಹಿಡಿಸಿಲ್ಲ, ಅದಕ್ಕೇ ಅವರೇ ಮಾಡ್ಕೊಳ್ತಿದಾರೆ ಅಂತ ಬೈದ. ದಯವಿಟ್ಟು ಬೇಡ ಮೇಡಂ. ಹಾಗೇ ಬಿಟ್ಟುಬಿಡಿ. ಸ್ವಲ್ಪ ಜಾಸ್ತಿ ಗಲೀಜು ಮಾಡಿದ್ರೂ ಪರವಾಗಿಲ್ಲ.”

ತಾನೂ ಇದೇ ಕೆಲಸದವಳಾಗಿದ್ದೆ ಎಂದು ಹೇಳಲು ಹಡಗಿನಮ್ಮ ಬಾಯಿ ತೆರೆದಳು. ಹೇಳಿದರೆ ಹುಡುಗಿ ಏನೆಂದುಕೊಂಡಾಳು? ತಪ್ಪು ಹುಡುಕಲು ಬಂದವಳು ಎಂದುಕೊಂಡಾಳು. “ಆಯ್ತಮ್ಮ, ಹಾಗೇ ಬಿಡ್ತೀನಿ” ಎಂದಳಷ್ಟೆ. ಹುಡುಗಿ ಹೋದ ಮೇಲೆ ಮಡಚಿದ್ದ ಚಾದರವನ್ನು ತಾನೇ ಎಳೆದು ಕೆದರಿದಳು. ಕೈಗೆ ಆ ಕೆಲಸ ಒಗ್ಗಲಿಲ್ಲ.

ಹಡಗು ದಡ ಸೇರುವ ಹಿಂದಿನ ದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಕಿಟಕಿಯ ಹೊರಗೆ ಬರೀ ನೀರು. ಅಳಿಯ ಒಳ್ಳೆಯ ಮೂಡಿನಲ್ಲಿದ್ದ. ಹಡಗಿನಮ್ಮ ಮೆಲ್ಲಗೆ ಕೇಳಿದಳು, “ಆ ಹುಡುಗಿಗೆ ಏನಾದ್ರೂ ಕೊಡಬೇಕಲ್ಲ?”

“ಸರ್ವೀಸ್ ಚಾರ್ಜ್ ಅಂತ ಆಗಲೇ ಕಿತ್ಕೊಂಡಿದಾರಲ್ಲ ಅತ್ತೆ” ಎಂದು ಅಳಿಯ ನಕ್ಕ. “ತಲೆಗಿಷ್ಟು, ದಿನಕ್ಕಿಷ್ಟು. ನಾವು ನಿದ್ದೆ ಮಾಡಿದ್ದಕ್ಕೂ ಸರ್ವೀಸು. ಅದರ ಮೇಲೆ ಮತ್ತೆ ಕೊಡೋದು ಅಂದ್ರೆ ನಾನು ಒಂದು ಟೈರಿಗೆ ಎರಡು ಸಲ ಬಿಲ್ ಹಾಕಿದ ಹಾಗಾಯ್ತು.”

“ಅದು ಅವಳ ಕೈಗೆ ಬರೋ ಹೊತ್ತಿಗೆ ಏನೂ ಉಳಿದಿರಲ್ಲಪ್ಪ. ಮೇಲೆ ಕೊಟ್ಟಿದ್ದೇ ಅವಳಿಗೆ ದಕ್ಕೋದು. ನಾನು ಕಂಡಿದೀನಿ.”

“ಸರಿ ಬಿಡಿ, ಕೊಡೋಣಂತೆ” ಎಂದು ಅಳಿಯ ಜೇಬಿಗೆ ಕೈ ಹಾಕಿದ.

“ಕೊಡಬೇಡಿ” ಎಂದಳು ಮಗಳು.

ದನಿ ಏರಿಸಲಿಲ್ಲ. ಚಮಚವನ್ನು ತಟ್ಟೆಯ ಪಕ್ಕಕ್ಕಿಟ್ಟಳು, ಅಷ್ಟೆ. “ಯಾಕೆ ಕೊಡಬೇಕು? ಕೊಟ್ರೆ ಅವಳು ಬೇಗ ಮನೆಗೆ ಹೋಗ್ತಾಳಾ?”

“ಅವಳಿಗೂ ಒಂದು ಮಗು ಇದೆ ಕಣೆ.”

“ಗೊತ್ತು. ನನಗೂ ಫೋಟೋ ತೋರಿಸಿದ್ಲು. ಅದಕ್ಕೇ ಕೇಳ್ತಿದೀನಿ. ನಿನಗೆ ಜನ ಕೈತುಂಬ ಕೊಟ್ರಲ್ಲ, ನೀನು ಬಂದ್ಯಾ? ಜಾಸ್ತಿ ಸಿಕ್ಕಿದಷ್ಟೂ ನೀನು ಬರೋದು ತಡ ಆಯ್ತು. ನಾನು ಆರನೇ ಕ್ಲಾಸಲ್ಲಿದ್ದಾಗ ನೀನು ಬರ್ತೀನಿ ಅಂದಿದ್ದೆ. ದೊಡ್ಡಮ್ಮ ಹೊಸ ಬಟ್ಟೆ ಹೊಲಿದಿದ್ರು. ಅದನ್ನ ಹಾಕ್ಕೊಂಡು ಬಾಗಿಲಲ್ಲಿ ಕೂತಿದ್ದೆ. ನೀನು ಫೋನ್ ಮಾಡಿ ಏನಂದೆ ಗೊತ್ತಾ? ಈ ಸಲ ತುಂಬ ಒಳ್ಳೆ ಜನ ಬಂದಿದಾರೆ ಪುಟ್ಟಿ, ಇನ್ನೊಂದು ಸೀಸನ್ ಇದ್ದು ಬರ್ತೀನಿ, ಮನೆಗೆ ಫ್ರಿಜ್ ತಗೊಳ್ಳೋಣ ಅಂದೆ. ಫ್ರಿಜ್ ಬಂತು. ನೀನು ಬರಲಿಲ್ಲ. ದಿನಾ ಸ್ಕೂಲಿಂದ ಬಂದು ಅದಕ್ಕೆ ಒದೀತಿದ್ದೆ.”

ಹಡಗಿನಮ್ಮನಿಗೆ ಆ ಫ್ರಿಜ್ಜಿನ ಬಾಗಿಲ ಕೆಳಗಿದ್ದ ತಗ್ಗು ನೆನಪಿಗೆ ಬಂತು. ಮುಂದಿನ ರಜೆಯಲ್ಲಿ ಬಂದಾಗ ನೋಡಿ, ಸಾಗಿಸುವಾಗ ಆದದ್ದೆಂದು ತಿಳಿದು, ಅಂಗಡಿಯವನ ಹತ್ತಿರ ಬಾಯಿಗೆ ಬಂದಂತೆ ಜಗಳವಾಡಿ ಬಂದಿದ್ದಳು. ಅಕ್ಕ ಪಕ್ಕದಲ್ಲೇ ನಿಂತಿದ್ದಳು, ಒಂದು ಮಾತೂ ಆಡಿರಲಿಲ್ಲ.

“ನಿನಗೋಸ್ಕರ ತಾನೆ...” ಎಂದು ಶುರುಮಾಡಿದಳು.

“ಗೊತ್ತು. ನನಗೋಸ್ಕರವೇ. ಅದಕ್ಕೇ ನನಗೆ ಯಾರ ಹತ್ತಿರಾನೂ ಹೇಳ್ಕೊಳ್ಳೋಕಾಗಲ್ಲ. ಹೇಳಿದ್ರೆ ಎಲ್ಲರೂ ನನಗೇ ಬುದ್ಧಿ ಹೇಳ್ತಾರೆ. ಊರವರ ಮಕ್ಕಳಿಗೆ ದಿನಾ ಮೊಲ, ಆನೆ ಮಾಡಿಟ್ಟೆ. ನನಗೆ ಒಂದು ದಿನ ಜಡೆ ಹಾಕಲಿಲ್ಲ.”

“ಸಾಕು ಬಿಡೇ” ಎಂದ ಅಳಿಯ. ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ಹಡಗಿನಮ್ಮ ಅವರ ಕಡೆಗೆ ನಕ್ಕಳು. ಯಾಕೆ ನಕ್ಕಳೋ ಅವಳಿಗೇ ತಿಳಿಯದು. ಮಗಳು ಅದನ್ನು ನೋಡಿ ಎದ್ದು ಹೋದಳು.

ಇಳಿಯುವ ಬೆಳಿಗ್ಗೆ ಹಡಗಿನಮ್ಮ ಓಣಿಯಲ್ಲಿ ಚಾದರದ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹುಡುಗಿಯನ್ನು ನಿಲ್ಲಿಸಿದಳು. ತನ್ನದೆಂದು ತಂದುಕೊಂಡಿದ್ದ ದುಡ್ಡನ್ನೆಲ್ಲ ಮಡಚಿ ಅವಳ ಅಂಗೈಯಲ್ಲಿ ಒತ್ತಿದಳು. ಹುಡುಗಿ ಕೈ ಬಿಡಿಸಿ ನೋಡಿದಳು. ಮುಖ ಅರಳಿತು. ಇದು ಕಲಿತ ನಗುವಾಗಿರಲಿಲ್ಲ.

“ಮೇಡಂ, ನಿಮಗೆ ದೇವರು ಒಳ್ಳೇದು ಮಾಡ್ಲಿ. ಮುಂದಿನ ತಿಂಗಳು ನನ್ನ ಅವಧಿ ಮುಗಿಯತ್ತೆ. ಊರಿಗೆ ಹೋಗೋದಾ, ಇಲ್ಲೇ ಇರೋದಾ ಅಂತ ಒದ್ದಾಡ್ತಿದ್ದೆ. ನಿಮ್ಮಂಥವರು ಬರ್ತಾ ಇದ್ರೆ ಇನ್ನೊಂದು ಸಲ ಇದ್ದೇಬಿಡ್ತೀನಿ. ಮಗನನ್ನ ಒಳ್ಳೆ ಸ್ಕೂಲಿಗೆ ಸೇರಿಸಬೇಕು.”

ಹಡಗಿನಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. “ಬೇಡ. ಊರಿಗೆ ಹೋಗು. ನಾನು ಅದಕ್ಕೇ ಕೊಟ್ಟಿದ್ದು. ಮಗು ಹತ್ತಿರ ಹೋಗು.”

ಹುಡುಗಿಯ ಮುಖ ಒಂದು ಗಳಿಗೆ ಖಾಲಿಯಾಯಿತು. ಮರುಗಳಿಗೆ ಆ ಹಳೆಯ ನಗು ತನ್ನ ಜಾಗಕ್ಕೆ ಬಂದು ಕೂತಿತು. “ಖಂಡಿತ ಮೇಡಂ. ಹಾಗೇ ಮಾಡ್ತೀನಿ ಮೇಡಂ.” ಮೆಲ್ಲಗೆ ಕೈ ಬಿಡಿಸಿಕೊಂಡು ಗಾಡಿ ತಳ್ಳಿದಳು. ಭಕ್ಷೀಸಿನ ಜೊತೆ ಬುದ್ಧಿಮಾತನ್ನೂ ಕೊಡುವವರಿಗೆ ಹಡಗಿನಮ್ಮ ತಾನೂ ಎಷ್ಟೋ ವರ್ಷ ಹೀಗೆಯೇ ಉತ್ತರ ಕೊಟ್ಟಿದ್ದಳು. ದುಡ್ಡು ತೆಗೆದುಕೊಂಡಿದ್ದಳು, ಮಾತನ್ನು ಅಲ್ಲೇ ಬಿಟ್ಟಿದ್ದಳು.

ಮಗಳು ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಕೊಟ್ಯಾ?”

“ಕೊಟ್ಟೆ.”

“ಏನಂದ್ಲು?”

ಸುಳ್ಳು ಹೇಳಬಹುದಿತ್ತು. “ಇನ್ನೊಂದು ಸಲ ಇರ್ತಾಳಂತೆ” ಎಂದಳು ಹಡಗಿನಮ್ಮ.

ಮಗಳು ಅಮ್ಮನ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, “ಸೊಂಟ ನೋಡ್ಕೋ, ಮೆಟ್ಟಿಲು ಇಳೀಬೇಕು” ಎಂದಳಷ್ಟೆ. ಅದೂ ಆಸ್ಪತ್ರೆಯ ದನಿಯಲ್ಲೇ.

ಊರಿಗೆ ಬಂದ ಮೇಲೂ ಅವರ ನಡುವೆ ಏನೂ ನೆಟ್ಟಗಾಗಲಿಲ್ಲ. ಕೆಟ್ಟುಹೋಯಿತು ಎನ್ನುವಂತೆಯೂ ಇಲ್ಲ. ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ಹೊಲಿಗೆ ಯಂತ್ರವನ್ನು ಯಾರೂ ಮುಟ್ಟುವುದಿಲ್ಲ. ಒಮ್ಮೆ ಹಡಗಿನಮ್ಮ ಅದರ ಮೇಲಿನ ದೂಳು ಒರೆಸಲು ಹೋದಾಗ ಮಗಳು, “ಅದು ಇರ್ಲಿ, ನಾನು ಒರೆಸ್ತೀನಿ” ಎಂದು ಬಟ್ಟೆ ಕಿತ್ತುಕೊಂಡಳಂತೆ. ಇದನ್ನು ನನಗೆ ಹೇಳುವಾಗಲೂ ಹಡಗಿನಮ್ಮ ನಗುತ್ತಲೇ ಇದ್ದಳು.

ಮನೆಯಲ್ಲಿ ಹಗಲು ಕಳೆಯುವುದು ಕಷ್ಟವಾಗಿ, ಈಗ ಅವಳು ಹೋಟೆಲ್ ಕೆಲಸ ಕಲಿಸುವ ಒಂದು ಸಂಸ್ಥೆಗೆ ಹೋಗುತ್ತಿದ್ದಾಳೆ. ಹಡಗಿಗೆ ಹೋಗಲಿರುವ ಹೆಣ್ಣುಮಕ್ಕಳಿಗೆ ಹಾಸಿಗೆ ಮಾಡುವುದನ್ನು ಕಲಿಸಬೇಕು. ಮೊನ್ನೆ ಒಬ್ಬಳು, ಎದೆಹಾಲು ಬಿಡಿಸಿ ಇನ್ನೂ ಹೆಚ್ಚು ದಿನವಾಗಿರಲಾರದು, ಚಾದರದ ತುದಿ ಹಿಡಿದುಕೊಂಡೇ ಕೇಳಿದಳು:

“ಮೇಡಂ, ಬಿಲ್ಲಲ್ಲಿ ಸೇರಿಸಿದ್ದು ಬಿಟ್ಟು ಮೇಲೆ ಟಿಪ್ಸ್ ಕೊಡ್ತಾರಾ?”

“ಮಗೂನ ಯಾರ ಹತ್ತಿರ ಬಿಡ್ತೀಯ?” ಎಂದಳು ಹಡಗಿನಮ್ಮ.

“ನಾದಿನಿ ನೋಡ್ಕೋತಾಳೆ. ಒಂದು ವರ್ಷ ಅಷ್ಟೆ. ಕೊಡ್ತಾರಾ ಮೇಡಂ?”

ಹಡಗಿನಮ್ಮ ಬಗ್ಗಿ, ಅವಳು ಸಡಿಲವಾಗಿ ಸಿಗಿಸಿದ್ದ ಮೂಲೆಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಮಡಚಿದಳು.

“ಕೊಡ್ತಾರೆ” ಎಂದಳು. “ಚೆನ್ನಾಗೇ ಕೊಡ್ತಾರೆ.”