ಕೂಗದ ಹಾರ್ನ್

ಮುಂಬಯಿ ಬಳಿಯ ಮುಂಬ್ರಾ ಬೈಪಾಸಿನ ಏರಿನಲ್ಲಿ ನಮ್ಮ ಮುಂದೆ ನಿಂತಿದ್ದ ಟ್ರೇಲರ್ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಜಾಮ್ ಇದೆಯೆಂದು ನಮ್ಮ ಹಳೆಯ ಕಾರಿನ ಎಂಜಿನ್ ಆಫ್ ಮಾಡಿದ್ದೆ. ಕೀ ತಿರುಗಿಸಿದರೆ ಟಿಕ್ ಎಂಬ ಸದ್ದು ಬಂತೇ ಹೊರತು ಸ್ಟಾರ್ಟ್ ಆಗಲಿಲ್ಲ. ಹಾರ್ನ್ ಒತ್ತಿದೆ, ಅದೂ ಕೂಗಲಿಲ್ಲ. ಹಿಂದೆ ಬಸ್ಸು, ಪಕ್ಕದಲ್ಲಿ ಗುಡ್ಡ, ಹಿಂದಿನ ಸೀಟಿನಲ್ಲಿ ಮಂಡಿನೋವಿನ ಅಮ್ಮ. ಕಿಟಕಿಯಿಂದ ತಲೆ ಹೊರಹಾಕಿ "ರೋಕೋ, ರೋಕೋ", ನಿಲ್ಲಿಸು ಎಂದು ಕಿರುಚಿದೆ. ಬಾನೆಟ್ಟಿಗೆ ಗೇಣುದ್ದ ದೂರ ಇರುವಾಗ ಟ್ರೇಲರ್ ನಿಂತಿತು.

ಕೆಳಗಿಳಿದು ಬಾನೆಟ್ ಎತ್ತಿದೆ. ಬ್ಯಾಟರಿ ಕ್ಲಾಂಪಿನ ಸಂದಿಯಲ್ಲಿ ಒಣಗಿದ ಗಂಧ ಕಾಣಿಸಿತು. ಹಿಂದಿನ ದಿನ ಆಯುಧ ಪೂಜೆಗೆಂದು ಕ್ಲಾಂಪ್ ಬಿಚ್ಚಿ ಬ್ಯಾಟರಿಯ ಟರ್ಮಿನಲ್ ತಿಕ್ಕಿದ್ದೆ. ಬಟ್ಟೆ ತರಲು ಒಳಗೆ ಹೋಗಿ ಬಂದವನು ನೋಡದೆಯೇ ಕ್ಲಾಂಪ್ ಬಿಗಿದಿದ್ದೆ. ಹಸಿಯಿದ್ದಾಗ ಹೇಗೋ ಹರಿದ ಕರೆಂಟನ್ನು ಈಗ ಒಣಗಿದ ಗಂಧ ತಡೆದಿತ್ತು.

"ಕಾರಿನ ಜೀವ ಇರುವುದೇ ಬ್ಯಾಟರಿಯಲ್ಲಿ ಅಂತ ನೀನೇ ಹೇಳಿದ್ದಲ್ವಾ ಮಗಾ. ಅದಕ್ಕೆ ಅಲ್ಲಿಗೂ ಸ್ವಲ್ಪ ಗಂಧ ಹಚ್ಚಿದೆ," ಎಂದಳು ಅಮ್ಮ, ಗಂಧದ ಬಗ್ಗೆ ಕೇಳಿದಾಗ ಕಿಟಕಿಯಿಂದಲೇ.

ಗಂಧ ಕೆರೆದು ಕ್ಲಾಂಪ್ ಬಿಗಿದ ಮೇಲೆ ಕಾರು ಸ್ಟಾರ್ಟ್ ಆಯಿತು.

ಈಗಲೂ ಹೊರಡುವ ಮುನ್ನ ನಾನು ಹಾರ್ನ್ ಒತ್ತಿ ನೋಡುತ್ತೇನೆ. ಅದು ಕೂಗಿದ ಮೇಲೆಯೇ ಅಮ್ಮ ಕಾರಿನ ಬಾಗಿಲು ತೆರೆಯುತ್ತಾಳೆ.