ಮುತ್ಯಾನಿಲ್ಲದ ಉತ್ತರ

ಲೆಕ್ಕದಲ್ಲಿ ಪಾಸು, ಇಂಗ್ಲಿಷಿನಲ್ಲೂ ಪಾಸು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಬಿದ್ದದ್ದು ಸಮಾಜ ವಿಜ್ಞಾನದಲ್ಲಿ, ಅದೂ ಮೂರೇ ಅಂಕಕ್ಕೆ. ಇತಿಹಾಸ, ಪೌರನೀತಿ ಬಾರದವರಿಗೆ ಎಸ್ಸೆಸ್ಸೆಲ್ಸಿ ಇಲ್ಲ, ಅದಿಲ್ಲದೆ ಶಿಕ್ಷಕಿಯ ತರಬೇತಿಯೂ ಇಲ್ಲ. ಅಪ್ಪ ಒಂದೇ ಮಾತು ಹೇಳಿದ.

"ಅಕ್ಟೋಬರದಾಗ ಇನ್ನೊಂದ್ ಸಲ ಕೂಡು. ಆಗ್ಲಿಲ್ಲಂದ್ರ ಅಫಜಲಪುರದವ್ರಿಗೆ ಹೂಂ ಅಂತೇನಿ."

ಅಫಜಲಪುರದ ವರನಿಗೆ ನನಗಿಂತ ಹದಿನೈದು ವರ್ಷ ಹೆಚ್ಚು. ಪೌರನೀತಿಯ ಹಕ್ಕುಗಳೆಲ್ಲ ನನಗೆ ಬಾಯಿಪಾಠ. ಅಪ್ಪನ ಎದುರು ಅವು ಒಂದೂ ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಮೂರು ತಿಂಗಳು ಅದೇ ಪುಸ್ತಕ ಹಿಡಿದು ಕೂತೆ.

ಯಾಕೆ ಬಿದ್ದೆನೆಂದು ನನಗೆ ಗೊತ್ತಿತ್ತು. ಸ್ವಾತಂತ್ರ್ಯ ದೊರೆತ ಬಗೆಯನ್ನು ವಿವರಿಸಿ ಎಂದು ಕೇಳಿದ್ದರು. ನಾನು ನಮ್ಮ ಆಯಿ, ಅಂದರೆ ಅಜ್ಜಿ, ಹೇಳಿದ್ದನ್ನೇ ಮೂರು ಪುಟ ಬರೆದೆ. ದಿಲ್ಲಿಗೆ ಆಗಸ್ಟಿನಲ್ಲಿ ಬಂದ ಸ್ವಾತಂತ್ರ್ಯ ನಿಜಾಮನ ಕೈಕೆಳಗಿದ್ದ ನಮಗೆ ಬಂದದ್ದು ಮರುವರ್ಷ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಬೇವಿನ ಮರಕ್ಕೆ ಬಾವುಟ ಕಟ್ಟಿದನೆಂದು ಆಯಿಯ ಗಂಡನನ್ನು, ನನ್ನ ಮುತ್ಯಾನನ್ನು, ನಿಜಾಮನ ಪೊಲೀಸರು ಎಳೆದೊಯ್ದಿದ್ದರು. ಆತ ತಿರುಗಿ ಬರಲಿಲ್ಲ. ಇದನ್ನೆಲ್ಲ ಬರೆಯುವ ಹುರುಪಿನಲ್ಲಿ ಕೊನೆಯ ಎರಡು ಪ್ರಶ್ನೆಗಳು ಹಾಗೇ ಉಳಿದವು.

ನಮ್ಮ ಮಾಸ್ತರರು ತಲೆ ಹಿಡಿದುಕೊಂಡರು. "ಪುಸ್ತಕದಾಗ ಇದ್ದಷ್ಟ ಬರೀಬೇಕವ್ವಾ. ಪೇಪರ್ ನೋಡಾವ್ರಿಗೆ ನಿಮ್ಮ ಮುತ್ಯಾ ಯಾರಂತ ಏನ್ ಗೊತ್ತು?"

ಆಯಿಗೆ ಮಾತ್ರ ಖುಷಿ. ಮುತ್ಯಾ ಸ್ವಾತಂತ್ರ್ಯ ಹೋರಾಟಗಾರನೆಂಬ ಒಂದು ಸರ್ಟಿಫಿಕೇಟಿಗಾಗಿ ಆಳಂದದ ಕಚೇರಿಗೆ ವರ್ಷಗಟ್ಟಲೆ ಅಲೆದವಳು ಅವಳು. ಸಾಕ್ಷಿ ಕಾಗದ ತರ್ರಿ ಎಂದು ಪ್ರತಿ ಸಲವೂ ಹೊರಗೆ ಕಳಿಸಿದ್ದರು. "ಈ ಸಲಾನೂ ಬರಿ ಬೇ, ಬಿಡಬ್ಯಾಡ," ಎಂದಳು.

ಅಕ್ಟೋಬರಿನಲ್ಲಿ ಆಳಂದದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಯಾರ ಮೇಲೆ ಸಿಟ್ಟೋ ತಿಳಿಯದೆ ಹಲ್ಲು ಕಚ್ಚಿ ಬರೆದೆ. ಆಗಸ್ಟ್ ಹದಿನೈದು, ದಿಲ್ಲಿ, ಪುಸ್ತಕದಲ್ಲಿದ್ದಂತೆ ಒಂದು ಪುಟ. ಮುತ್ಯಾನಿಗೆ ಒಂದು ಸಾಲೂ ಕೊಡಲಿಲ್ಲ.

ನಮ್ಮೂರು ನರೋಣಾದಲ್ಲಿ ಬಸ್ಸಿಳಿದಾಗ ಆಯಿ ಕಾಯುತ್ತ ನಿಂತಿದ್ದಳು.

"ಮುತ್ಯಾಂದು ಬರದೀ ಏನ್ ಬೇ?"

"ಬರದೇನಿ, ಆಯಿ."

"ಹೆಸರ ಹಾಕೀ?"

"ಹಾಕೇನಿ."

ಪಾಸಾದೆ. ಅಪ್ಪ ಅಫಜಲಪುರದವರಿಗೆ ಬೇಡವೆಂದು ಹೇಳಿಕಳಿಸಿದ. ಆಯಿ ಓಣಿಯ ಮನೆಮನೆಗೂ ಸಕ್ಕರೆ ಹಂಚುತ್ತ ಹೋದಳು. ನನ್ನ ಪಾಸಿನ ಸುದ್ದಿಯನ್ನು ಅವಳು ಎತ್ತಲೇ ಇಲ್ಲ.

"ನಮ್ಮನಿಯವ್ರ ಹೆಸರ ಕಡೀಕೂ ಸರ್ಕಾರದ ಕಾಗದದಾಗ ಬಂತ್ರಿ," ಎಂದು ಎಲ್ಲರಿಗೂ ಹೇಳಿದಳು.

ಸಕ್ಕರೆಯ ತಟ್ಟೆ ಹಿಡಿದುಕೊಂಡು ನಾನು ಅವಳ ಹಿಂದೆಯೇ ನಡೆದೆ.